ದನಕ್ಕೆ ಏನೂ ಆಗಿಲ್ಲ, ಮನೆಮಂದಿಗೆ ಭೇದಿ: ಕ್ಯಾಂಪಿಲೋಬ್ಯಾಕ್ಟರ್ ಎಲ್ಲಿಂದ ಬಂತು ಎಂದು ಹುಡುಕುವ ಬಗೆ

ದೂರು ಹೆಚ್ಚುಕಡಿಮೆ ಹೀಗಿರುತ್ತದೆ. ಚೌತಿಗೆ ಅಂತ ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ನಾಲ್ಕೈದು ದಿನ ಚೆನ್ನಾಗಿ ಕುಣಿದಾಡಿಕೊಂಡಿದ್ದು, ಆಮೇಲೆ ಮಲಗುತ್ತಾರೆ. ಜ್ವರ, ಹೊಟ್ಟೆಯಲ್ಲಿ ಹಿಂಡಿದಂಥ ನೋವು, ನೀರು ನೀರಾದ ಭೇದಿ, ಮಾರನೇ ದಿನ ಅದರಲ್ಲಿ ರಕ್ತದ ಗೆರೆ. ಅಜ್ಜ, ಅಜ್ಜಿ, ಕೊಟ್ಟಿಗೆ ಕೆಲಸಕ್ಕೆ ಬರುವವರು ಎಲ್ಲ ಗಟ್ಟಿಮುಟ್ಟಾಗಿದ್ದಾರೆ. ‘ನೀರು ಬದಲಾಯ್ತು ಕಾಣ್ತದೆ’ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ಹೌದೌದು ಅನ್ನುತ್ತಾರೆ. ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಕೊಟ್ಟಿಗೆಗಳಿಗೆ ತಿರುಗುವುದೇ ನನ್ನ ಕೆಲಸ. ದನ ನೋಡಲು ಹೋದ ಕಡೆ ಮನೆಮಂದಿಯ ಹೊಟ್ಟೆಯ ಸುದ್ದಿಯೂ ಕಿವಿಗೆ ಬೀಳುತ್ತದೆ. ನೀರಿನ ಮೇಲೆ ಹಾಕುವವರ ಮಾತು ಎಷ್ಟೋ ಸಲ ಅರ್ಧ ಸರಿಯೇ ಇರುತ್ತದೆ. ಆ ನೀರಿಗೆ ಏನು ಸೇರಿತು, ಯಾವ ದಾರಿಯಿಂದ ಸೇರಿತು ಎಂದು ಮಾತ್ರ ಯಾರೂ ನೋಡಿರುವುದಿಲ್ಲ. ಇಂಥ ಭೇದಿ ತರುವ ಒಂದು ಬ್ಯಾಕ್ಟೀರಿಯಾ ಕ್ಯಾಂಪಿಲೋಬ್ಯಾಕ್ಟರ್, ದನ, ಕೋಳಿಗಳ ಕರುಳಿನಲ್ಲಿ ಇರುವಂಥದ್ದು. ಅದು ಬಂದ ದಾರಿಯನ್ನು ನೋಡುವುದು ಹೇಗೆ ಎನ್ನುವುದಕ್ಕೆ ಈ ಬರಹ.

ಮೊದಲು ಆಸ್ಪತ್ರೆ

ಹುಡುಕಾಟ ಎರಡು ದಿನ ತಡವಾದರೂ ನಡೆಯುತ್ತದೆ. ಮಗುವಿನ ಮೈಯಲ್ಲಿ ನೀರು ಕಡಿಮೆಯಾಗುವುದು ಕಾಯುವುದಿಲ್ಲ. ಓಆರ್‌ಎಸ್ ತಕ್ಷಣ ಶುರು ಮಾಡಿ. ರಕ್ತ ಕಂಡರೆ, ಜ್ವರ ಇಳಿಯದಿದ್ದರೆ, ಮಗು ಉಚ್ಚೆ ಹೊಯ್ಯುವುದು ಕಡಿಮೆಯಾದರೆ, ಬಸುರಿಯರಿಗೆ ಅಥವಾ ವಯಸ್ಸಾದವರಿಗೆ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ರಕ್ತ ಹೋಗುತ್ತಿರುವಾಗ ಅಂಗಡಿಯಿಂದ ಭೇದಿ ಕಟ್ಟುವ ಮಾತ್ರೆ ತಂದು ನುಂಗಬೇಡಿ. ಕ್ಯಾಂಪಿಲೋಬ್ಯಾಕ್ಟರ್ ಭೇದಿ ಹೆಚ್ಚಿನವರಿಗೆ ಒಂದು ವಾರದೊಳಗೆ ತಾನಾಗೇ ನಿಲ್ಲುತ್ತದೆ. ಆ್ಯಂಟಿಬಯೋಟಿಕ್ ಬೇಕೋ ಬೇಡವೋ ಎನ್ನುವುದು ಡಾಕ್ಟರಿಗೆ ಬಿಟ್ಟಿದ್ದು.

ಭೇದಿ ನಿಂತು ಒಂದೆರಡು ವಾರ ಕಳೆದ ಮೇಲೆ ಕಾಲಿನಲ್ಲಿ ಜುಮು ಜುಮು ಎಂದು ಶುರುವಾಗಿ, ಬಲ ಕಡಿಮೆಯಾಗುತ್ತಾ ಮೇಲಕ್ಕೆ ಏರಿದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಗಿಯನ್-ಬರೆ ಸಿಂಡ್ರೋಮ್ ಎಂಬ ನರದ ತೊಂದರೆ ಇದು. ಕ್ಯಾಂಪಿಲೋಬ್ಯಾಕ್ಟರ್ ಬಂದವರಲ್ಲಿ ಸುಮಾರು 1,000 ಜನರಲ್ಲಿ ಒಬ್ಬರಿಗೆ ಬರುತ್ತದೆ. ಅಪರೂಪ, ಆದರೆ ಬಂದಾಗ ಹಳೇ ಭೇದಿಯ ಸುದ್ದಿಯನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಇನ್ನೊಂದು ಎಚ್ಚರ ನಮ್ಮ ಕಡೆಗೇ ಸಂಬಂಧಿಸಿದ್ದು. ಡಿಸೆಂಬರಿನಿಂದ ಮೇವರೆಗೆ ಕಾಡಿಗೆ ಹೋಗಿ ಬಂದವರಿಗೆ ಜೋರು ಜ್ವರ, ತಲೆನೋವು, ಮೈಕೈ ನೋವಿನ ಜೊತೆ ವಾಂತಿ-ಭೇದಿ ಇದ್ದರೆ ಮೊದಲು ಮಂಗನ ಕಾಯಿಲೆಯ ಅನುಮಾನ ಬರಬೇಕು. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿದವರಾದರೆ ಇಲಿ ಜ್ವರ. ಅವು ಬೇರೆ ಜಾತಿಯ ಕಾಯಿಲೆಗಳು. ಈ ಬರಹ ಅವಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ನಿನ್ನೆಯ ಊಟ ಬಿಡಿ, ದಿನ ಹಿಂದಕ್ಕೆ ಎಣಿಸಿ

ಹೊಟ್ಟೆ ಕೆಟ್ಟ ಕೂಡಲೇ ಎಲ್ಲರಿಗೂ ನೆನಪಾಗುವುದು ನಿನ್ನೆ ರಾತ್ರಿ ಉಂಡಿದ್ದು. ಘಟ್ಟದ ಮೇಲಾದರೆ ತಿಥಿ ಊಟದ ಪಾಯಸ, ಕರಾವಳಿಯಲ್ಲಾದರೆ ಮೀನು. ಆದರೆ ಈ ಬ್ಯಾಕ್ಟೀರಿಯಾ ಹೊಟ್ಟೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 2ರಿಂದ 5 ದಿನ ಬೇಕು. ಕೆಲವರಲ್ಲಿ ಒಂದೇ ದಿನ, ಕೆಲವರಲ್ಲಿ 10 ದಿನದವರೆಗೂ ಹೋಗುತ್ತದೆ. ಹಾಗಾಗಿ ಶನಿವಾರ ಭೇದಿ ಶುರುವಾದರೆ ಸೋಮವಾರದಿಂದ ಗುರುವಾರದವರೆಗೆ ಏನು ನಡೆಯಿತು ಎಂದು ಕೇಳಬೇಕು. ನಿನ್ನೆಯ ಸಾಂಬಾರನ್ನು ಬೈದು ಏನೂ ಸಿಗುವುದಿಲ್ಲ.

ಗಂಟೆಯ ಲೆಕ್ಕವೇ ಅರ್ಧ ರೋಗಪತ್ತೆ ಮಾಡಿಕೊಡುತ್ತದೆ. ಉಂಡು ಎರಡು-ಮೂರು ಗಂಟೆಯಲ್ಲೇ ಎಲ್ಲರೂ ವಾಂತಿ ಮಾಡಿದರೆ ಅದು ಅಡುಗೆಯಲ್ಲಿ ಆಗಲೇ ತಯಾರಾಗಿದ್ದ ವಿಷದ ಕೆಲಸ, ಹೆಚ್ಚಾಗಿ ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾದ್ದು. ಅರ್ಧ ದಿನದಿಂದ ಒಂದೂವರೆ ದಿನದೊಳಗೆ ಆದರೆ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಡೆ ನೋಡಿ. ಒಬ್ಬರಿಂದ ಒಬ್ಬರಿಗೆ ಸರದಿಯಂತೆ, ಇವತ್ತು ಮಗು, ನಾಳಿದ್ದು ತಾಯಿ, ಆಚೆ ದಿನ ಅಜ್ಜಿ ಅಂತ ಹೋಗುತ್ತಿದ್ದರೆ ಕ್ಯಾಂಪಿಲೋಬ್ಯಾಕ್ಟರ್ ಮೇಲಿನ ಅನುಮಾನ ಕಡಿಮೆ ಮಾಡಿ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಕಡಿಮೆ. ಇಬ್ಬರು ಮೂವರಿಗೆ ಒಂದೆರಡು ದಿನದ ಅಂತರದಲ್ಲಿ ಶುರುವಾದರೆ ಎಲ್ಲರೂ ಒಂದೇ ಮೂಲದಿಂದ ಪಡೆದಿದ್ದಾರೆ ಎಂದು ತಿಳಿಯಬಹುದು.

ಇನ್ನೊಂದು ಗುಣ ನೆನಪಿಡಿ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ, ಅಂದರೆ ಕೋಳಿಯ ಮೈ ಬಿಸಿ. 30 ಡಿಗ್ರಿಗಿಂತ ಕೆಳಗೆ ಅದು ಬದುಕಿರುತ್ತದೆ, ಬೆಳೆಯುವುದಿಲ್ಲ. ಗಾಳಿಯಲ್ಲಿರುವಷ್ಟು ಆಮ್ಲಜನಕವೂ ಅದಕ್ಕೆ ಆಗಿಬರುವುದಿಲ್ಲ. ಆದ್ದರಿಂದ ಅನ್ನ-ಪಲ್ಯ ಹೊರಗಿಟ್ಟರೆ ಇದು ಅದರಲ್ಲಿ ಹೆಚ್ಚುವುದಿಲ್ಲ. ‘ಹಳಸಿದ್ದು ತಿಂದು ಬಂತು’ ಎನ್ನುವುದು ಇಲ್ಲಿ ಹೊಂದುವುದಿಲ್ಲ. ತಾಜಾ ವಸ್ತುವೇ ಹೊತ್ತು ತರುತ್ತದೆ: ಈಗಷ್ಟೇ ಕರೆದ ಹಾಲು, ಈಗಷ್ಟೇ ಸೇದಿದ ನೀರು, ಈಗಷ್ಟೇ ಕತ್ತರಿಸಿದ ಕೋಳಿ.

ಯಾರಿಗೆ ಬಂತು, ಯಾರಿಗೆ ಬರಲಿಲ್ಲ

ಮನೆಯವರೆಲ್ಲ ಅದೇ ನೀರು ಕುಡಿದಿದ್ದಾರೆ, ಅವರಿಗೇನೂ ಆಗಿಲ್ಲ, ಆದ್ದರಿಂದ ನೀರು ಸರಿ ಇದೆ. ಈ ವಾದವನ್ನು ನಾನು ತುಂಬ ಕೇಳುತ್ತೇನೆ. ಇದು ನಿಲ್ಲುವ ವಾದ ಅಲ್ಲ. ಚಿಕ್ಕಂದಿನಿಂದ ಕೊಟ್ಟಿಗೆ, ಕೋಳಿ, ಬಾವಿ ನೀರಿನ ನಡುವೆ ಬೆಳೆದವರ ಮೈ ಈ ಬ್ಯಾಕ್ಟೀರಿಯಾವನ್ನು ಮೊದಲೇ ಕಂಡಿರುತ್ತದೆ. ಅವರಿಗೆ ಕಾಯಿಲೆ ಬರದೇ ಹೋಗಬಹುದು, ಬಂದರೂ ಒಂದು ದಿನದ ಹೊಟ್ಟೆನೋವಿನಲ್ಲಿ ಮುಗಿಯಬಹುದು. ಹೊಸಬರಿಗೆ ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ನೆಂಟರಿಗೆ ಮತ್ತು ಕೂಸುಗಳಿಗೆ ಮಾತ್ರ ಭೇದಿ ಆಯಿತು ಅಂದರೆ ಅದು ಮನೆಯ ನೀರು, ಹಾಲನ್ನು ಅನುಮಾನಿಸಲು ಇನ್ನೂ ಒಂದು ಕಾರಣ.

ಈಗ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ನೊರೆಹಾಲು ಯಾರು ಕುಡಿದರು? ಪಂಚಾಮೃತ, ಪಂಚಗವ್ಯ ತೆಗೆದುಕೊಂಡಿದ್ದುಂಟಾ? ಕೋಳಿ ಮರಿ ಹಿಡಿದು ಆಡಿದವರು ಯಾರು? ನಾಯಿಮರಿ ತಂದಿದ್ದೀರಾ? ಕುಡಿದದ್ದು ಕಾಯಿಸಿದ ನೀರೋ, ಕೊಡಪಾನದ್ದೋ? ತೋಟಕ್ಕೆ ಹೋದಾಗ ಅಬ್ಬಿ ನೀರಿಗೆ ಬಾಯಿ ಕೊಟ್ಟವರಿದ್ದಾರಾ? ಮಕ್ಕಳನ್ನು ಅಜ್ಜಿಯ ಎದುರು ಕೇಳಬೇಡಿ. ನಿಜ ಹೇಳುವುದಿಲ್ಲ.

ಕಾಯಿಲೆ ಬಿದ್ದ ಪ್ರಾಣಿ ಹುಡುಕಬೇಡಿ

ಇಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಕೊಟ್ಟಿಗೆಗೆ ಇಳಿದು ಯಾವ ದನಕ್ಕೆ ಭೇದಿ ಇದೆ, ಯಾವ ಕೋಳಿ ತೂಕಡಿಸುತ್ತಿದೆ ಎಂದು ನೋಡುತ್ತಾರೆ. ಎಲ್ಲ ಆರಾಮಾಗಿವೆ, ಹಾಗಾದರೆ ಇಲ್ಲಿಂದ ಬಂದಿಲ್ಲ ಎಂದು ವಾಪಸು ಬರುತ್ತಾರೆ. ಕ್ಯಾಂಪಿಲೋಬ್ಯಾಕ್ಟರ್ ಜೆಜುನೈ ದನದ, ಕುರಿಯ, ಕೋಳಿಯ ಕರುಳಿನಲ್ಲಿ ಸುಮ್ನೆ ಇರುತ್ತದೆ. ಕ್ಯಾಂಪಿಲೋಬ್ಯಾಕ್ಟರ್ ಕೋಲೈ ಎಂಬ ಅದರ ತಮ್ಮ ಹಂದಿಯಲ್ಲಿ ಜಾಸ್ತಿ. ಪ್ರಾಣಿಗೆ ಕಾಯಿಲೆಯೇ ಇಲ್ಲ. ಮಿರಿ ಮಿರಿ ಮಿಂಚುವ ಹುಂಜದ ಒಂದು ಗ್ರಾಂ ಹಿಕ್ಕೆಯಲ್ಲಿ ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು.

ಮನುಷ್ಯನಿಗೆ ಎಷ್ಟು ಸಾಕು? 1981ರಲ್ಲಿ ಬ್ರಿಟನ್ನಿನ ರಾಬಿನ್ಸನ್ ಎಂಬ ಸಂಶೋಧಕ ಸುಮಾರು 500 ಬ್ಯಾಕ್ಟೀರಿಯಾ ಬೆರೆಸಿದ ಹಾಲನ್ನು ತಾನೇ ಕುಡಿದು ನೋಡಿದರು. ಕಾಯಿಲೆ ಬಂತು. ಕೋಟಿಯ ಪಕ್ಕದಲ್ಲಿ 500 ಇಟ್ಟು ನೋಡಿ. ಕಣ್ಣಿಗೆ ಕಾಣದಷ್ಟು ಹಿಕ್ಕೆ ಬಾಯಿಗೆ ಹೋದರೂ ಸಾಕು.

ಹಾಗಾಗಿ ನಾನು ಪ್ರಾಣಿಗಳನ್ನು ಪರೀಕ್ಷೆ ಮಾಡಲು ಹೋಗುವುದಿಲ್ಲ. ಎಲ್ಲದರಲ್ಲೂ ಇದೆ ಎಂದೇ ಹಿಡಿದುಕೊಂಡು ಹೊರಡುತ್ತೇನೆ. ಸಗಣಿ ಮತ್ತು ಹಿಕ್ಕೆ ಬಾಯಿವರೆಗೆ ಬರುವ ದಾರಿ ಎಲ್ಲಿ ತೆರೆದಿದೆ ಎಂದಷ್ಟೇ ನೋಡುವುದು.

ಹಾಲು

ಹಾಲಿನ ದಾರಿ ಬೇಗ ಮುಗಿಯುತ್ತದೆ. ಕಾಯಿಸಿದ ಹಾಲಿನಲ್ಲಿ ಇದು ಉಳಿಯುವುದಿಲ್ಲ. 72 ಡಿಗ್ರಿಯಲ್ಲಿ 15 ಸೆಕೆಂಡ್ ಪ್ಯಾಶ್ಚರೀಕರಣ ಮಾಡಿದರೇ ಸಾಯುತ್ತದೆ, ಉಕ್ಕಿ ಬಂದ ಹಾಲಿನ ಮಾತು ಬೇರೆ ಬೇಡ. ಕಾಯಿಸಿ ಹೆಪ್ಪು ಹಾಕಿದ ಮೊಸರು, ಅದರ ಮಜ್ಜಿಗೆ, ತಂಬುಳಿ, ಹಬೆಯಲ್ಲಿ ಬೆಂದ ಗಿಣ್ಣು, ಇವನ್ನೆಲ್ಲ ಪಟ್ಟಿಯಿಂದ ತೆಗೆಯಿರಿ. ಉಳಿಯುವುದು ಹಸಿ ಹಾಲು. ನೊರೆಹಾಲು ಕುಡಿಸುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ಅದನ್ನು ಬೇಡ ಅನ್ನುವುದು ಕಷ್ಟ ಎಂದು ಗೊತ್ತು. ಆದರೂ ಮಳೆಗಾಲದಲ್ಲಿ ಹಾಲು ಕರೆಯುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಸೊಪ್ಪಿನ ಹಾಸಿಗೆ ಒದ್ದೆ. ಆಕಳ ತೊಡೆಗೆ, ಬಾಲದ ಕುಚ್ಚಿಗೆ ಸಗಣಿ ಮೆತ್ತಿರುತ್ತದೆ. ಸೊಳ್ಳೆ ಕಚ್ಚಿದಾಗ ಬಾಲ ಬೀಸುತ್ತದೆ, ಚೊಂಬಿನ ಮೇಲೆ ಹಾದು ಹೋಗುತ್ತದೆ. ಸೋಸಿದರೆ ಕಸ ಹೋಗುತ್ತದೆ, ಬ್ಯಾಕ್ಟೀರಿಯಾ ಹೋಗುವುದಿಲ್ಲ.

ಪಂಚಾಮೃತಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಬಹುದೋ ಎನ್ನುವುದನ್ನು ಮನೆಯ ಹಿರಿಯರು, ಪುರೋಹಿತರು ಹೇಳಬೇಕು. ಸಣ್ಣ ಮಕ್ಕಳಿಗೆ ಹಸಿ ಹಾಲಿನದ್ದು ಬೇಡ ಎಂದಷ್ಟೇ ನಾನು ಹೇಳುವವನು.

ಬಾವಿ

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಇದು. ಬ್ಯಾಕ್ಟೀರಿಯಾಕ್ಕೆ ಬಿಸಿಲು, ಒಣ ಹವೆ ಆಗದು. ಬೇಸಿಗೆಯ ಅಂಗಳದಲ್ಲಿ ಒಣಗಿದ ಸಗಣಿಯಲ್ಲಿ ಅದು ಬೇಗ ಸಾಯುತ್ತದೆ. ತಂಪು, ಕತ್ತಲೆ, ತೇವ ಇದ್ದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಈ ಮೂರಕ್ಕೂ ಬರವಿಲ್ಲ, ಅಲ್ವಾ?

ಮೊದಲು ಬಾವಿಯ ಬಳಿ ನಿಂತು ಮೇಲಕ್ಕೆ ನೋಡಿ. ಕೊಟ್ಟಿಗೆ, ಗೊಬ್ಬರಗುಂಡಿ, ಬಚ್ಚಲ ನೀರು ಹೋಗುವ ಹೊಂಡ, ಪಾಯಿಖಾನೆ ಗುಂಡಿ ಎಲ್ಲಿವೆ? ಬಾವಿಗಿಂತ ಎತ್ತರದಲ್ಲಿವೆಯೋ, ತಗ್ಗಿನಲ್ಲೋ? ಕನಿಷ್ಠ 15 ಮೀಟರ್, ಅಂದರೆ 50 ಅಡಿ ದೂರ ಇರಬೇಕು, ಬಾವಿ ಮೇಲುಭಾಗದಲ್ಲಿರಬೇಕು ಎನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಕಡೆ ಅದಕ್ಕೂ ಜಾಸ್ತಿ ದೂರ ಒಳ್ಳೆಯದು. ಕಾರಣ ಚಿರೇಕಲ್ಲು. ತೂತು ತೂತಾದ ಆ ಕಲ್ಲಿನೊಳಗೆ ನೀರು ಸೋಸಿಕೊಂಡು ಇಳಿಯುವುದಕ್ಕಿಂತ ಹರಿದುಕೊಂಡು ಹೋಗುವುದೇ ಹೆಚ್ಚು. ಅಂಕೋಲಾ, ಹೊನ್ನಾವರದ ಸಮುದ್ರದಂಚಿನ ಮರಳು ನೆಲದಲ್ಲಿ ಸೋಸುವುದು ಚೆನ್ನಾಗಿಯೇ ಆಗುತ್ತದೆ, ಆದರೆ ಮಳೆಗಾಲದಲ್ಲಿ ಅಲ್ಲಿ ನೀರೇ ಕೈಗೆ ಸಿಗುವಷ್ಟು ಮೇಲೆ ಬಂದಿರುತ್ತದೆ. ಸೋಸಲು ಮಣ್ಣೇ ಉಳಿಯುವುದಿಲ್ಲ.

ಎರಡನೆಯದು, ಜೋರು ಮಳೆ ಬಂದು ನಿಂತ ಮೇಲೆ ಬಾವಿಗೆ ಬಗ್ಗಿ ನೋಡುವುದು. ಕೆಲವೇ ಗಂಟೆಗಳಲ್ಲಿ ನೀರು ಕೆಂಪಾದರೆ ಮೇಲಿನ ನೀರು ನೇರವಾಗಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಒಳಗೋಡೆಯಲ್ಲಿ ಯಾವ ಸಂದಿಯಿಂದ ನೀರು ಸೋರುತ್ತಿದೆ ಎಂದು ಟಾರ್ಚ್ ಬಿಟ್ಟು ನೋಡಿದರೆ ಸಿಗುತ್ತದೆ. ಕಟ್ಟೆಯ ಸುತ್ತ ಸಿಮೆಂಟ್ ಬಿರುಕು ಬಿಟ್ಟಲ್ಲಿ ಒಂದು ಕೊಡ ನೀರು ಸುರಿದು, ಅದು ಹೊರಕ್ಕೆ ಹರಿಯುತ್ತದೋ ಇಂಗಿ ಮಾಯವಾಗುತ್ತದೋ ಗಮನಿಸಿ.

ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಹಗ್ಗ. ಕಟ್ಟೆ ಎತ್ತರವಾಗಿದೆ, ಸಿಮೆಂಟ್ ಸರಿ ಇದೆ, ಮೇಲೆ ಬಲೆಯೂ ಇದೆ. ಆದರೆ ಸೇದುವವರು ಕೊಡ ಮೇಲೆ ಬರುತ್ತಿದ್ದಂತೆ ಹಗ್ಗವನ್ನು ಕಾಲ ಬುಡಕ್ಕೆ ಬಿಡುತ್ತಾ ಹೋಗುತ್ತಾರೆ. ಅಲ್ಲಿ ಕೊಟ್ಟಿಗೆಯಿಂದ ಬಂದ ಹವಾಯಿ ಚಪ್ಪಲಿಯ ಗುರುತು, ಕೋಳಿ ಓಡಾಡಿದ ಹಿಕ್ಕೆ, ಎಲ್ಲ ಸೇರಿ ಒಂದು ತೆಳು ಕೆಸರು. ಮತ್ತೆ ಕೊಡ ಇಳಿದಾಗ ಅದೇ ಹಗ್ಗ, ಅದೇ ಕೆಸರಿನೊಂದಿಗೆ ನೀರಿಗೆ. ಇಂಥ ಒಂದು ಬಾವಿಯ ಯಜಮಾನರಿಗೆ ಹಗ್ಗವನ್ನು ಗೂಟಕ್ಕೆ ಸುತ್ತಿಡಿ ಅಂದೆ. ‘ಅಷ್ಟೇ ಏನ್ರೀ ಡಾಕ್ಟ್ರೇ? ಅದಕ್ಕೆ ಮಾತ್ರೆ ಇಲ್ವಾ?’ ಎಂದರು. ಪಂಪ್ ಹಾಕಿಸಿ ಬಾವಿ ಮುಚ್ಚಿದವರಿಗೆ ಈ ತಾಪತ್ರಯ ಇಲ್ಲ.

ಪಂಚಾಯತಿಯಲ್ಲಿ ನೀರು ಪರೀಕ್ಷಿಸುವ ಎಚ್ ಟು ಎಸ್ ಬಾಟಲಿ ಸಿಕ್ಕರೆ ತನ್ನಿ. ಗೆರೆಯವರೆಗೆ ಬಾವಿ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಡಬೇಕು. ಒಲೆಯ ಹತ್ತಿರದ ಮಾಡ ಸರಿಯಾದ ಜಾಗ, ಒಲೆಯ ಮೇಲಲ್ಲ. ನೀರು ಕಪ್ಪಾದರೆ ಮಲ ಅಥವಾ ಸಗಣಿ ಸೇರಿದೆ. ಅದು ಕ್ಯಾಂಪಿಲೋಬ್ಯಾಕ್ಟರ್ ಇದೆಯೋ ಎಂದು ಹೇಳುವುದಿಲ್ಲ. ದಾರಿ ತೆರೆದಿದೆ ಎಂದು ಹೇಳುತ್ತದೆ, ನಮಗೆ ಬೇಕಾದದ್ದೂ ಅದೇ.

ಬಾವಿಯ ದಾರಿ ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಎಂಬ ಊರು ಉದಾಹರಣೆ. 2016ರ ಆಗಸ್ಟಿನಲ್ಲಿ ಅಲ್ಲಿ ಜೋರು ಮಳೆಯಾಯಿತು. ಕುರಿ ಮೇಯುವ ಜಾಗದ ನೀರು ಊರಿನ ಕೊಳವೆಬಾವಿಗೆ ಸೇರಿತು. ನೀರಿಗೆ ಕ್ಲೋರಿನ್ ಹಾಕುವ ಪದ್ಧತಿ ಅಲ್ಲಿರಲಿಲ್ಲ. ಸುಮಾರು 14,000 ಜನರ ಊರಿನಲ್ಲಿ 5,000ಕ್ಕೂ ಹೆಚ್ಚು ಜನ ಮಲಗಿದರು. ಕಾರಣ ಕ್ಯಾಂಪಿಲೋಬ್ಯಾಕ್ಟರ್. ಕುರಿಗಳಿಗೆ ಏನೂ ಆಗಿರಲಿಲ್ಲ.

ಸರಿಪಡಿಸುವುದು ಹೇಗೆ? ಇದು ಕ್ಲೋರಿನ್‌ಗೆ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ. ದುಂಡು ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಘನ ಮೀಟರ್, ಒಂದಕ್ಕೆ 1,000 ಲೀಟರ್. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿನ ಬಾವಿಯಲ್ಲಿ ಸುಮಾರು 28,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ, ಅಂದರೆ ಈ ಬಾವಿಗೆ 70 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಹಾಕಿ, ಅದನ್ನು ಬಾವಿಯ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಬಿಟ್ಟು ನೀರುಗಂಟಿಯ ಹತ್ತಿರವಿರುವ ಕಿಟ್‌ನಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದಿಲ್ಲ ಅಂದರೆ ಕೊಳೆ ಜಾಸ್ತಿ ಇದೆ, ಇನ್ನೂ ಹಾಕಬೇಕು. ಕಳೆದ ವರ್ಷ ಒಡೆದಿಟ್ಟ ಪೌಡರ್ ಪ್ಯಾಕೆಟ್ಟನ್ನು ನಂಬಬೇಡಿ. ಘಟ್ಟದ ಥಂಡಿಗೆ ಅದರ ಸತ್ವ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ.

ನೀರು ಕೆಂಪಾಗಿದ್ದರೆ ಕ್ಲೋರಿನ್ ಆ ಕೆಸರಿಗೇ ಖರ್ಚಾಗುತ್ತದೆ. ಆ ದಿನಗಳಲ್ಲಿ ಕುದಿಸಿ ಕುಡಿಯುವುದೇ ಸುಲಭ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿಗೂ ಇದೇ ಮಾತು. ಮೇಲೆ ಬೆಟ್ಟದಲ್ಲಿ ಯಾರ ದನ ಮೇಯುತ್ತಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ಕೋಳಿ ಮತ್ತು ಅಡುಗೆಮನೆ

ಕಾರವಾರ, ಕುಮಟಾ ಕಡೆ ಭಾನುವಾರದ ಕೋಳಿ ಸಾರನ್ನು ಅನುಮಾನಿಸುತ್ತಾರೆ. ಸಾರಿಗೆ ಏನೂ ಆಗಿರುವುದಿಲ್ಲ. ಅಷ್ಟು ಹೊತ್ತು ಕುದಿದದ್ದರಲ್ಲಿ ಈ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ಮಾಂಸದ ಒಳಗೆ 74 ಡಿಗ್ರಿ ಬಿಸಿ ತಲುಪಿದರೆ ಸಾಕು. ತಟ್ಟೆಯ ಪಕ್ಕದಲ್ಲಿದ್ದ ಹಸಿ ಈರುಳ್ಳಿ, ಸೌತೆಕಾಯಿ ನೋಡಿ. ಅವನ್ನು ಕತ್ತರಿಸಿದ್ದು ಕೋಳಿ ತುಂಡು ಮಾಡಿದ ಅದೇ ಈಳಿಗೆಯಲ್ಲಾ? ಕೋಳಿಯನ್ನು ನಲ್ಲಿ ಜೋರಾಗಿ ಬಿಟ್ಟು ತೊಳೆದಾಗ ಹನಿ ಎಲ್ಲೆಲ್ಲಿಗೆ ಸಿಡಿಯಿತು?

ತೊಳೆಯಲೇಬೇಡಿ ಎನ್ನುತ್ತಾರೆ ತಜ್ಞರು, ಅದು ಸರಿಯೂ ಹೌದು. ತೊಳೆಯದೆ ಒಲೆಗೆ ಹಾಕಲು ನಮ್ಮವರಿಗೆ ಕೈ ಬರುವುದಿಲ್ಲ. ಹಾಗಿದ್ದರೆ ನಲ್ಲಿ ಕೆಳಗೆ ಬೇಡ, ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ ಸದ್ದಿಲ್ಲದೆ ಜಾಲಾಡಿ. ನೀರನ್ನು ಸಿಂಕಿಗೆ ಚೆಲ್ಲದೆ ಹೊರಗಿನ ಬಚ್ಚಲಿಗೆ ಹಾಕಿ. ಈರುಳ್ಳಿ ಮೊದಲು ಹೆಚ್ಚಿ ಮುಚ್ಚಿಡಿ, ಕೋಳಿ ಆಮೇಲೆ. ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸಮುದ್ರದ ಮೀನನ್ನು ಪಟ್ಟಿಯ ಕೊನೆಗೆ ಹಾಕಿ. ಅಘನಾಶಿನಿ ಅಳಿವೆಯ ಚಿಪ್ಪುಮೀನನ್ನೂ ಅಷ್ಟೇ, ಬೇಯಿಸಿಯೇ ತಿನ್ನುತ್ತೇವಲ್ಲ.

ಅಂಗಳದಲ್ಲಿ ಬಿಟ್ಟ ಊರ ಕೋಳಿ ಜಗಲಿಗೆ ಹತ್ತುವ ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದರೆ, ಬೇರೆ ಏನೂ ಹುಡುಕುವ ಮೊದಲು ಜಗಲಿಗೆ ಅಡ್ಡ ತಡಿಕೆ ಕಟ್ಟಿ. ಭೇದಿ ಆಗುತ್ತಿರುವ ನಾಯಿಮರಿಯೂ ದೊಡ್ಡ ಮೂಲ. ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಬ್ರಾಯ್ಲರ್ ಶೆಡ್ ಇದ್ದವರಿಗೆ

‘ಮರಿಯೇ ಹಾಳು ಬಂದಿದೆ ಮಾರಾಯ್ರೇ, ಹ್ಯಾಚರಿಯವರದ್ದೇ ತಪ್ಪು’ ಎನ್ನುವ ದೂರು ಸಾಲ್ಮೊನೆಲ್ಲಾಕ್ಕೆ ಹೊಂದಬಹುದು. ಕ್ಯಾಂಪಿಲೋಬ್ಯಾಕ್ಟರ್ ಮೊಟ್ಟೆಯ ಮೂಲಕ ಮರಿಗೆ ಬರುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಮರಿಗಳಲ್ಲಿ ಮೊದಲ ಎರಡು ವಾರ ಇದು ಸಿಗುವುದೇ ಅಪರೂಪ, ಸಾಮಾನ್ಯವಾಗಿ ಮೂರನೇ ವಾರದಿಂದ ಕಾಣಿಸುತ್ತದೆ. ಅಂದರೆ ಹೊರಗಿನಿಂದ ನಿಮ್ಮ ಶೆಡ್ಡಿನೊಳಗೇ ಬಂದಿದೆ. ಒಂದು ಕೋಳಿಗೆ ಬಂದರೆ ಒಂದು ವಾರದೊಳಗೆ ಹೆಚ್ಚುಕಡಿಮೆ ಇಡೀ ಬ್ಯಾಚಿಗೆ. ಒಣ ಫೀಡಿನಲ್ಲಿ ಅದು ಬದುಕುವುದಿಲ್ಲ, ಫೀಡ್ ಚೀಲವನ್ನು ಬಿಡಿ.

ಬಾಗಿಲಿನಿಂದ ಶುರು ಮಾಡಿ. ಬೆಳಿಗ್ಗೆ ದನದ ಕೊಟ್ಟಿಗೆ ಮುಗಿಸಿ ಅದೇ ಚಪ್ಪಲಿಯಲ್ಲಿ ಶೆಡ್ಡಿಗೆ ಹೋಗುತ್ತೀರಾ? ಹೌದಾದರೆ ಮುಂದೆ ಓದುವ ಮೊದಲು ಅದನ್ನು ನಿಲ್ಲಿಸಿ. ಬಾಗಿಲಲ್ಲಿ ಅಡ್ಡ ಒಂದು ಹಲಗೆ ಹೊಡೆದು, ಹೊರಗಿನ ಚಪ್ಪಲಿ ಈಚೆ, ಒಳಗಿನದು ಆಚೆ. ಕಾಲು ಅದ್ದುವ ತೊಟ್ಟಿಯಲ್ಲಿ ಫಿನೈಲ್ ಹಾಕಿ ಇಟ್ಟಿರುತ್ತಾರೆ, ನಾಲ್ಕು ದಿನಕ್ಕೆ ಅದರಲ್ಲಿ ಸಗಣಿಯೇ ಜಾಸ್ತಿ ಇರುತ್ತದೆ. ಕೊಳೆ ತುಂಬಿದ ತೊಟ್ಟಿಯ ಔಷಧಿ ಕೆಲಸ ಮಾಡುವುದಿಲ್ಲ. ದಿನಾ ಬದಲಿಸಲು ಆಗದಿದ್ದರೆ ತೊಟ್ಟಿ ಬೇಡ, ಚಪ್ಪಲಿ ಬದಲಿಸುವುದೇ ವಾಸಿ. ಅರ್ಧ ಬ್ಯಾಚ್ ಎತ್ತಿ ಉಳಿದರ್ಧ ಬಿಡುವ ದಿನ ಇನ್ನೂ ಎಚ್ಚರ ಬೇಕು. ಹತ್ತು ಶೆಡ್ ತಿರುಗಿ ಬಂದ ಕ್ರೇಟುಗಳು, ಕೋಳಿ ಹಿಡಿಯುವವರ ಕಾಲು ಎಲ್ಲ ಅಂದು ಒಳಗೆ ಬರುತ್ತವೆ.

ನೊಣವೂ ಹೊರುತ್ತದೆ. ಡೆನ್ಮಾರ್ಕಿನಲ್ಲಿ ಶೆಡ್‌ಗಳಿಗೆ ನೊಣದ ಪರದೆ ಕಟ್ಟಿ ನೋಡಿ 2007ರಲ್ಲಿ ಫಲ ಪ್ರಕಟಿಸಿದರು. ಪರದೆ ಇಲ್ಲದ ಶೆಡ್‌ಗಳಲ್ಲಿ ಸುಮಾರು ಅರ್ಧದಷ್ಟು ಬ್ಯಾಚ್‌ಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಪರದೆ ಇದ್ದಲ್ಲಿ ಶೇಕಡ 15ರಷ್ಟರಲ್ಲಿ. ಅಲ್ಲಿಯ ಶೆಡ್‌ಗಳಿಗೆ ಗೋಡೆ ಇದೆ. ನಾಲ್ಕೂ ಕಡೆ ಜಾಲರಿಯ ನಮ್ಮ ಶೆಡ್‌ಗೆ ಪರದೆ ಕಟ್ಟುವುದು ಸುಲಭವಲ್ಲ, ಗಾಳಿಯೂ ಕಟ್ಟಿಹೋಗುತ್ತದೆ. ನಮಗೆ ಆಗುವುದೆಂದರೆ ಗೊಬ್ಬರಗುಂಡಿಯನ್ನು ಶೆಡ್ಡಿನಿಂದ ದೂರ ಇಡುವುದು, ಸತ್ತ ಕೋಳಿಯನ್ನು ಅಂದೇ ಹೂಳುವುದು, ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು.

ನೀರಿಗೆ ಔಷಧಿ ಹಾಕಿ ಬ್ಯಾಚ್ ಸರಿಮಾಡುವ ಯೋಚನೆ ಬಿಟ್ಟುಬಿಡಿ. ಕೋಳಿಗೆ ಕಾಯಿಲೆ ಇಲ್ಲ, ಏನನ್ನು ಗುಣ ಮಾಡುತ್ತೀರಿ? ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕುತ್ತಾ ಹೋದರೆ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಅದೇ ಕುಟುಂಬದ ಸಿಪ್ರೋಫ್ಲಾಕ್ಸಾಸಿನ್ ಮನುಷ್ಯರಿಗೂ ಕೆಲಸ ಮಾಡದಂತಾಗುತ್ತದೆ. ಇದೇ ಕಾರಣಕ್ಕೆ ಅಮೆರಿಕ 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವ ಅನುಮತಿಯನ್ನು ಹಿಂದಕ್ಕೆ ಪಡೆಯಿತು.

ದನ ಗಬ್ಬ ನಿಲ್ಲುತ್ತಿಲ್ಲ ಅಂದರೆ

ಇದು ಬೇರೆ ದೋಷ, ಬೇರೆ ಬ್ಯಾಕ್ಟೀರಿಯಾ. ಕ್ಯಾಂಪಿಲೋಬ್ಯಾಕ್ಟರ್ ಫೀಟಸ್ ಹೋರಿಯಿಂದ ದನಕ್ಕೆ ಕೂಡುವಾಗ ದಾಟುತ್ತದೆ. ಹೋರಿಗೆ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಹೊತ್ತು ತಿರುಗುತ್ತದೆ. ಸುಳಿವು ಬೆದೆಯ ಲೆಕ್ಕದಲ್ಲಿದೆ. ಗಬ್ಬ ಕಟ್ಟದ ದನ 21 ದಿನಕ್ಕೆ ಸರಿಯಾಗಿ ಮತ್ತೆ ಬೆದೆಗೆ ಬರಬೇಕು. ಅದು ಬಿಟ್ಟು 30, 40 ದಿನ ಅಂತ ಹೇಗೆಹೇಗೋ ಬರುತ್ತಿದ್ದರೆ ಗಬ್ಬ ಕಟ್ಟಿ, ಮೊದಲಲ್ಲೇ ಹೋಗುತ್ತಿದೆ. ಊರಿನ ಒಂದೇ ಹೋರಿಗೆ ಬಿಟ್ಟ ನಾಲ್ಕಾರು ಮನೆಯ ದನಗಳಲ್ಲಿ ಹೀಗಾದರೆ ಹೋರಿಯನ್ನು ಪರೀಕ್ಷಿಸಬೇಕು. ದನಗಳನ್ನು ಹೋರಿಗೆ ಬಿಡುವುದು ನಿಲ್ಲಿಸಿ, ಕೆಲವು ತಿಂಗಳು ಬಿಟ್ಟು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮೂಲಕವೇ ಗಬ್ಬ ಕಟ್ಟಿಸಿದರೆ ಹೆಚ್ಚಿನವು ಸುಧಾರಿಸುತ್ತವೆ.

ಐದು ತಿಂಗಳ ಮೇಲೆ ಕಂದು ಹಾಕಿದರೆ, ಸತ್ತೆ (ಮಾಸು) ಬೀಳದಿದ್ದರೆ, ಬ್ರುಸೆಲ್ಲಾ ಎಂದೇ ಮೊದಲು ತಿಳಿದು ನಡೆಯಿರಿ. ಬರಿಗೈಯಲ್ಲಿ ಕಂದು, ಸತ್ತೆ ಮುಟ್ಟಬೇಡಿ. ಮನುಷ್ಯರಿಗೆ ಹತ್ತುವ ಕಾಯಿಲೆ ಅದು. 1962ಕ್ಕೆ ಫೋನ್ ಮಾಡಿ ಪಶು ಆಸ್ಪತ್ರೆಯವರನ್ನು ಕರೆಸಿ.

ಲ್ಯಾಬ್ ರಿಪೋರ್ಟ್ ಮತ್ತು ಮರುಪರೀಕ್ಷೆ

‘ಸ್ಟೂಲ್ ಕಲ್ಚರ್ ಮಾಡ್ಸಿದ್ವಿ, ಏನೂ ಇಲ್ಲ ಅಂತ ಬಂತು’ ಅನ್ನುವವರಿಗೆ ಒಂದು ಪ್ರಶ್ನೆ: ಕ್ಯಾಂಪಿಲೋಬ್ಯಾಕ್ಟರ್ ಹುಡುಕಿ ಎಂದು ಕೇಳಿದ್ದಿರಾ? ಮಲದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಮಾಮೂಲಿ ಕಲ್ಚರಿನಲ್ಲಿ ಇದು ಬೆಳೆಯುವುದಿಲ್ಲ. ವಿಶೇಷ ಮಾಧ್ಯಮ, 42 ಡಿಗ್ರಿ, ಕಡಿಮೆ ಆಮ್ಲಜನಕ, ಎರಡು ದಿನ, ಇಷ್ಟೂ ಬೇಕು. ತಾಲೂಕಿನ ಲ್ಯಾಬ್‌ಗಳಲ್ಲಿ ಇಷ್ಟೆಲ್ಲ ಸಿಗುವುದು ಕಷ್ಟ. ಮಲವನ್ನು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆದು, ಮಾದರಿ ಸಾಗಿಸಲೆಂದೇ ಇರುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ ಹಾಕಿ ತಂಪಾಗಿ ಕಳಿಸಬೇಕು. ಬಸ್ಸಿನ ಡಿಕ್ಕಿಯಲ್ಲಿ ಬಿಸಿಲಿಗೆ ಹೋದ ಡಬ್ಬಿಯಲ್ಲಿ ಏನೂ ಉಳಿಯದು. ಪ್ರಾಣಿಗಳ ಮಾದರಿಯನ್ನು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕಳಿಸುವುದಾದರೆ ಮೊದಲೇ ಫೋನ್ ಮಾಡಿ, ಹೇಗೆ ಕಳಿಸಬೇಕೆಂದು ಕೇಳಿಕೊಳ್ಳಿ. ಒಂದು ಮನೆಯ ಭೇದಿಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಕೇರಿಯಲ್ಲಿ ಹತ್ತು ಮನೆಗೆ ಬಂದರೆ ಬೇಕು, ಆಗ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿ.

ಭೇದಿ ನಿಂತ ಮಗುವಿನ ಮಲದಲ್ಲಿ ಇನ್ನೂ ಎರಡು ಮೂರು ವಾರ ಬ್ಯಾಕ್ಟೀರಿಯಾ ಹೋಗುತ್ತಿರಬಹುದು, ತೊಳೆದವರು ಸೋಪು ಹಾಕಿ ಕೈ ತೊಳೆಯಬೇಕು. ಬಾವಿ ಸರಿಯಾಯಿತೋ ಎಂದು ನೋಡಲು ಬಾಟಲಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಕ್ಲೋರಿನ್ ಹಾಕಿದ ವಾರದಲ್ಲಿ ಬೇಡ, ಅದು ಸುಳ್ಳು ಸಮಾಧಾನ ಕೊಡುತ್ತದೆ. ಬಿಸಿಲು ಬಿದ್ದ ದಿನವೂ ಬೇಡ. ರಾತ್ರಿಯಿಡೀ ಹೊಡೆದ ಮಳೆಯ ಮರುದಿನ ಬೆಳಿಗ್ಗೆ, ಮೊದಲ ಕೊಡದಿಂದ ತುಂಬಿ.